ದೋಣಿ ಬಂದ ಮೇಲೆ

ನಮ್ಮ ಶಾಲೆಯ ಲೈಬ್ರರಿಯಲ್ಲಿ ಗಾಜಿನ ಬಾಗಿಲಿನ ಬೀರು ಒಂದಿದೆ. ಆ ಗಾಜಿಗೆ ಕಂದು ಕಾಗದ ಅಂಟಿಸಿದೆ, ಹೆಣದ ಮುಖಕ್ಕೆ ಬಟ್ಟೆ ಮುಚ್ಚಿದ ಹಾಗೆ. ಅಂಟಿಸಲು ಹೇಳಿದವರು ಶಾಲಾ ಮಂಡಳಿಯವರು, ಅಂಟಿಸಿದವಳು ನಾನು. ಬೀಗದ ಕೈ ಪ್ರಿನ್ಸಿಪಾಲರ ಬಳಿ ಇದೆ. ಒಳಗಿರುವುದು ಕೋವಿಯಲ್ಲ, ವಿಷವಲ್ಲ, ಮಕ್ಕಳ ಪುಸ್ತಕಗಳು. ಚಂದ್ರನ ಮೇಲೆ ಮೆಕ್ಕೆಜೋಳ ಬೆಳೆಯಲು ಹೊರಟ ಕಪ್ಪು ಹುಡುಗಿಯ ಕತೆ ಇದೆ. ಮಾತು ತೊದಲುವ ಹುಡುಗ ಬ್ಯಾಂಡಿನಲ್ಲಿ ಡ್ರಮ್ ಬಾರಿಸಲು ಕಲಿಯುವ ಕತೆ ಇದೆ. ಅಪ್ಪ ಜೈಲಿನಿಂದ ಮನೆಗೆ ಬರುವ ದಿನ ಯಾವ ಅಂಗಿ ಹಾಕಿಕೊಳ್ಳಬೇಕೆಂದು ತೋಚದೆ ಕೂತ ಅಣ್ಣತಂಗಿಯರ ಕತೆ, ಹೈಟಿಯಿಂದ ಬಂದ ಅಜ್ಜಿಯ ಜೊತೆ ಜಗಳವಾಡಲೂ ಭಾಷೆ ಬಾರದ ಮೊಮ್ಮಗಳ ಕತೆ, ಪ್ರೀತಿ ಮಾಡಿ ಪೆಟ್ಟು ತಿಂದ ಹದಿನೇಳರ ಹುಡುಗನ ಕತೆ. ಎಲ್ಲವನ್ನೂ ಬರೆದವರು ನಮ್ಮವರು, ಕಪ್ಪು ಜನ. ಅವರು ಮಾಡಿದ ತಪ್ಪು ಅದೊಂದೇ.

ಮಂಡಳಿಯ ಮಾತಿನಲ್ಲಿ ಈ ಪುಸ್ತಕಗಳನ್ನು ಯಾರೂ ನಿಷೇಧಿಸಿಲ್ಲ. ಪರಿಶೀಲನೆ ನಡೆಯುತ್ತಿದೆ. ಪರಿಶೀಲಿಸುವವರು ಯಾರು, ಎಂದಿಗೆ ಮುಗಿಸುತ್ತಾರೆ ಎಂದು ಕೇಳಿದರೆ ಅದೂ ಪರಿಶೀಲನೆಯಲ್ಲಿದೆ. ಅಲ್ಲಿಯವರೆಗೆ ಶಾಲೆಯ ನೌಕರರು ಯಾರೂ ಅವನ್ನು ಮಕ್ಕಳಿಗೆ ಕೊಡಕೂಡದು, ಓದಿ ಹೇಳಕೂಡದು, ಕತೆ ಏನೆಂದು ಬಾಯಿಮಾತಿನಲ್ಲೂ ತಿಳಿಸಕೂಡದು. ಶಾಲೆಯ ಒಳಗೂ ಇಲ್ಲ, ಹೊರಗೂ ಇಲ್ಲ. ತಪ್ಪಿದರೆ ಕೆಲಸ ಹೋಗುತ್ತದೆ, ಮುಂದೆ ಎಲ್ಲಿಯೂ ಶಾಲೆಯ ಮೆಟ್ಟಿಲು ಹತ್ತುವ ಪರವಾನಗಿಯೂ ಹೋಗುತ್ತದೆ. ಪಕ್ಕದ ಊರಿನ ಮೇಷ್ಟರೊಬ್ಬರು ದಿನಸಿ ಅಂಗಡಿಯ ಸಾಲಿನಲ್ಲಿ ನಿಂತು ಒಬ್ಬ ಹುಡುಗನಿಗೆ ಒಂದು ಪುಸ್ತಕದ ಹೆಸರು ಹೇಳಿದ್ದಕ್ಕೆ ಮನೆಗೆ ಹೋದರು.

ನಾನು ಝೆನೋಬಿಯಾ ಟಾಲಿವರ್. ಮಕ್ಕಳಿಗೆ ಮಿಸ್ ಝೆನೋಬಿಯಾ, ಚರ್ಚಿನಲ್ಲಿ ಸಿಸ್ಟರ್ ಟಾಲಿವರ್. ಡೆಲ್ಟಾ ಎಂದು ಕರೆಯುವ ನದೀಬಯಲಿನ ಈ ಮೀನು ಹೊಂಡಗಳ ಊರಿನಲ್ಲೇ ಹುಟ್ಟಿ ಇಲ್ಲಿಯೇ ಲೈಬ್ರರಿಯನ್ ಆದವಳು. ದಿನವಿಡೀ ಆ ಬೀರುವಿಗೆ ಬೆನ್ನು ಹಾಕಿ ಕೂರುತ್ತಿದ್ದೆ. ಕೆಲಸವನ್ನು ಮಂಡಳಿಯವರ ಮುಖಕ್ಕೆ ಎಸೆದು ಹೋಗಬಹುದಿತ್ತು. ಆದರೆ ನಾನು ಹೋದರೆ ನನ್ನ ಕುರ್ಚಿಗೆ ಬರುವವರು ಮೊದಲು ಮಾಡುವ ಕೆಲಸ ಆ ಬೀರುವನ್ನು ಖಾಲಿ ಮಾಡಿಸುವುದು. ಬೀಗದ ಪಕ್ಕದಲ್ಲಿ ನಮ್ಮವರೊಬ್ಬರು ಇರಲಿ ಎಂದು ಕೂತೆ. ಕೂತವಳು ಕಾವಲುಗಾತಿಯೋ ಕೈದಿಯೋ ಎಂಬುದು ಕೆಲವು ದಿನ ನನಗೇ ತಿಳಿಯುತ್ತಿರಲಿಲ್ಲ.

ಜೇಮ್ಸೆಟ್ಟಾಗೆ ಮಾತ್ರ ಈ ಲೆಕ್ಕಾಚಾರ ಒಂದೂ ತಲೆಗೆ ಹೋಗಲಿಲ್ಲ. ಹನ್ನೆರಡು ವರ್ಷದ ಹುಡುಗಿ, ನಮ್ಮ ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುವ ಲವೋನಿಯಾಳ ಮಗಳು. ಬೀಗ ಬಿದ್ದ ದಿನ ಅವಳು ಅರ್ಧ ಓದಿದ್ದ ಪುಸ್ತಕವನ್ನು ಅವಳ ಕೈಯಿಂದಲೇ ತೆಗೆದುಕೊಂಡು ಬೀರುವಿನಲ್ಲಿ ಇಟ್ಟೆ. ಅದು ಪರ್ಲಿ ಎಂಬ ಹುಡುಗಿಯ ಕತೆ. ಬರೆದವರು ಪಕ್ಕದ ಊರಿನಲ್ಲಿ ಪಾಠ ಹೇಳಿಕೊಂಡಿದ್ದು ತೀರಿಹೋದ ಮಿಸ್ ರೌಂಡ್‌ಟ್ರೀ. ಅಚ್ಚು ಹಾಕಿದ ಸಣ್ಣ ಪ್ರೆಸ್ಸು ಯಾವಾಗಲೋ ಮುಚ್ಚಿದೆ. ಕೊಳ್ಳಲು ಸಿಗುವುದಿಲ್ಲ, ಫೋನಿನಲ್ಲಿ ಹುಡುಕಿದರೂ ಇಲ್ಲ. ಉಳಿದ ಪ್ರತಿಗಳು ಇರುವುದು ಆ ಬೀರುವಿನಲ್ಲೇ.

ಸಾವಿರದ ಒಂಬೈನೂರ ಇಪ್ಪತ್ತೇಳರ ಮಹಾಪೂರದ ಕತೆ ಅದು. ನದಿ ಒಡೆದು ಡೆಲ್ಟಾವೆಲ್ಲ ಕಡಲಾದಾಗ ನಮ್ಮ ಜನರನ್ನು ನದಿಯ ಏರಿಯ ಮೇಲೆ ಕೂಡಿಹಾಕಿದರು. ಸುತ್ತ ನೀರು, ಕೊರಳಿನಲ್ಲಿ ಯಾವ ಜಮೀನ್ದಾರನ ಆಳು ಎಂದು ಬರೆದ ಚೀಟಿ, ಕಾವಲಿಗೆ ಕೋವಿ. ದೋಣಿಗಳು ಬಿಳಿಯರನ್ನು ಹತ್ತಿಸಿಕೊಂಡು ಹೋದವು. ನಮ್ಮವರು ಹೋದರೆ ಹತ್ತಿ ಬಿಡಿಸಲು ಮರಳಿ ಬರಲಾರರು ಎಂಬ ಭಯ ಜಮೀನ್ದಾರರಿಗೆ. ಇದು ಡೆಲ್ಟಾದ ಪ್ರತಿ ಅಜ್ಜಿಗೂ ಗೊತ್ತಿರುವ ಸಂಗತಿ. ಪುಸ್ತಕದಲ್ಲಿ ಬಂದರೆ ಮಾತ್ರ ಮಕ್ಕಳ ಮನಸ್ಸಿಗೆ ಘಾಸಿಯಾಗುತ್ತದಂತೆ. ಯಾರ ಮಕ್ಕಳ ಮನಸ್ಸಿಗೆ ಎಂದು ಮಂಡಳಿಯವರು ಹೇಳಲಿಲ್ಲ.

ದೋಣಿಯೊಂದು ಏರಿಯ ಕಡೆಗೆ ಬರುತ್ತಿದೆ. ಪರ್ಲಿ ಜ್ವರ ಬಂದ ತಮ್ಮನನ್ನು ಸೊಂಟದ ಮೇಲೆ ಹೊತ್ತು ನೀರಿನ ಅಂಚಿಗೆ ಇಳಿಯುತ್ತಾಳೆ. ಜೇಮ್ಸೆಟ್ಟಾ ಓದಿದ್ದು ಅಲ್ಲಿಯವರೆಗೆ. ಅಲ್ಲಿಗೆ ನಾನು ಪುಸ್ತಕ ಕಿತ್ತುಕೊಂಡೆ.

ಅಂದಿನಿಂದ ಹುಡುಗಿ ನನ್ನ ಬೆನ್ನು ಬಿಡಲಿಲ್ಲ. ಬೆಳಿಗ್ಗೆ ಬಸ್ಸಿಳಿದವಳು ನೇರ ಲೈಬ್ರರಿಗೆ. ಊಟದ ಬಿಡುವಿನಲ್ಲಿ ಮತ್ತೆ ಲೈಬ್ರರಿಗೆ. ಮೊದಮೊದಲು ಬೇಡಿಕೊಂಡಳು, ಆಮೇಲೆ ಮುನಿಸಿಕೊಂಡಳು, ಆಮೇಲೆ ವಕೀಲರ ಹಾಗೆ ಉಪಾಯ ಹುಡುಕಿದಳು.

"ಹತ್ತಿದ್ಲಾ ಇಲ್ವಾ, ಅಷ್ಟು ಸಾಕು ಮಿಸ್. ನೀವು ಬಾಯಿ ಬಿಡೋದೇ ಬೇಡ. ಹೌದು ಅಂದ್ರೆ ಒಂದ್ಸಲ ಕೆಮ್ಮಿ."

ಆ ವಾರ ನನಗೆ ನಿಜವಾಗಿಯೂ ನೆಗಡಿಯಾಗಿತ್ತು. ಅವಳೆದುರು ಕೆಮ್ಮನ್ನು ನುಂಗಿಕೊಂಡು ಕಣ್ಣಲ್ಲಿ ನೀರು ತಂದುಕೊಂಡೆ. ಹೇಳಿಬಿಡುವ ಆಸೆ ನನಗೇನು ಕಡಿಮೆಯಿತ್ತೇ? ಆದರೆ ಆ ಹುಡುಗಿಯ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲ. ಬೆಳಿಗ್ಗೆ ಹೇಳಿದರೆ ಊಟದ ಹೊತ್ತಿಗೆ ಬಸ್ ಡ್ರೈವರಿಗೂ ಗೊತ್ತಾಗಿರುತ್ತದೆ, ಸಂಜೆಗೆ ಮಂಡಳಿಗೆ.

ಫೆಬ್ರವರಿ ಬಂತು. ನಮ್ಮ ಇತಿಹಾಸವನ್ನು ನೆನೆಯಲು ಈ ದೇಶ ನಮಗೆ ಬಿಟ್ಟುಕೊಟ್ಟ ತಿಂಗಳು. ನಮ್ಮ ಚರ್ಚಿನ ಹಿರಿಯಳು ಮದರ್ ಬ್ಯಾಸ್ಕಂ ಹೇಳುವ ಹಾಗೆ, ಕೊಡುವಾಗಲೂ ಗಿಡ್ಡದ್ದನ್ನೇ ಆರಿಸಿ ಕೊಟ್ಟಿದ್ದಾರೆ. ಒಂದು ಮಧ್ಯಾಹ್ನ ಪ್ರಿನ್ಸಿಪಾಲ್ ಲಾಮಾರ್ ಸ್ಟ್ರಿಂಗರ್ ಲೈಬ್ರರಿಗೆ ಬಂದ. ಅವನೂ ನಾನೂ ಒಂದೇ ಸಂಡೇ ಸ್ಕೂಲಿನಲ್ಲಿ ಪೆಟ್ಟು ತಿಂದು ಬೆಳೆದವರು. ಬಂದವನು ಮಕ್ಕಳ ಗಿಡ್ಡ ಕುರ್ಚಿಯಲ್ಲಿ, ಮೊಣಕಾಲು ಎದೆಗೆ ತಾಗುವಂತೆ ಕೂತ. ಚಳಿಯ ಬಗ್ಗೆ ಮಾತಾಡಿದ, ನನ್ನ ಮಂಡಿನೋವು ವಿಚಾರಿಸಿದ. ಕೊನೆಗೆ ವಿಷಯಕ್ಕೆ ಬಂದ. ಮಂಡಳಿಯವರು ಕಪ್ಪು ಲೇಖಕರ ಮಕ್ಕಳ ಪುಸ್ತಕಗಳ ಸಂಭ್ರಮ ನಡೆಸುತ್ತಾರೆ. ನಮ್ಮ ಚರ್ಚಿನಲ್ಲೇ, ಭಾನುವಾರದ ಪ್ರಾರ್ಥನೆ ಮುಗಿದ ಮೇಲೆ. ಟಿವಿಯವರು ಬರುತ್ತಾರೆ. ಮಂಡಳಿಯ ಪರವಾಗಿ ಮಿಸ್ಟರ್ ಸೇಯರ್ ಬರುತ್ತಾರೆ. ಬೀರುವಿಗೆ ಬೀಗ ಹಾಕಬೇಕೆಂದು ಮೊದಲು ಕೈ ಎತ್ತಿದವರು ಇದೇ ಸೇಯರ್.

ಪುಸ್ತಕ ಎಲ್ಲಿಂದ ಬರುತ್ತದೆ ಎಂದು ಕೇಳಿದೆ. ಪುಸ್ತಕ ಬೀರುವಿನಲ್ಲೇ ಇರುತ್ತದಂತೆ. ಮುಖಪುಟಗಳ ಬಣ್ಣದ ಪ್ರತಿ ಮಾತ್ರ ತೆಗೆಸಿ ಕಾರ್ನ್‌ಫ್ಲೇಕ್ಸ್ ಡಬ್ಬಗಳಿಗೆ ಸುತ್ತಬೇಕಂತೆ. ಖಾಲಿ ಡಬ್ಬಗಳನ್ನು ಲವೋನಿಯಾ ಶಾಲೆಯ ಅಡುಗೆಮನೆಯಲ್ಲಿ ಕೂಡಿಡುತ್ತಿದ್ದಾಳಂತೆ. ದೂರದಿಂದ ನೋಡಿದರೆ ಪುಸ್ತಕದ ಹಾಗೇ ಕಾಣುತ್ತದಂತೆ.

"ಲಾಮಾರ್, ನಿಮ್ಮಜ್ಜಿ ಇದ್ದಿದ್ರೆ ನಿನ್ನ ಕಿವಿ ಹಿಂಡಿ ಕೈಗೆ ಕೊಡ್ತಿದ್ಲು."

"ಅಜ್ಜಿ ಇದ್ದಿದ್ರೆ ಅವಳ ಔಷಧಿಗೂ ಈ ಸಂಬಳವೇ ಗತಿ ಆಗ್ತಿತ್ತು ಝೆನಿ. ಸುತ್ತಿಕೊಡು. ನೀನು ಸುತ್ತದಿದ್ರೆ ಇನ್ಯಾರೋ ಸುತ್ತುತಾರೆ, ಆಮೇಲೆ ನಿನ್ನ ಕುರ್ಚೀಲೂ ಅವರೇ ಕೂರ್ತಾರೆ."

ನಾನು ಸುತ್ತಿದೆ. ಪುಸ್ತಕಕ್ಕೆ ಬೀಗ ಜಡಿದು ಅದರ ಸುಲಿದ ಚರ್ಮಕ್ಕೆ ಹಾರ ಹಾಕುವ ಹಬ್ಬಕ್ಕೆ ನನ್ನ ಕೈಯಿಂದಲೇ ಸಿಂಗಾರ. ಕೆಲಸದ ನಡುವೆ ಜೇಮ್ಸೆಟ್ಟಾ ಒಳಗೆ ಬಂದವಳು ಮೇಜಿನ ಮೇಲೆ ಪರ್ಲಿಯ ಮುಖಪುಟ ಕಂಡು ಓಡಿಬಂದು ಎದೆಗೆ ಅವಚಿಕೊಂಡಳು. ಡಬ್ಬ ಒಳಕ್ಕೆ ತಗ್ಗಾಯಿತು, ಮೆಕ್ಕೆಜೋಳದ ವಾಸನೆ ಬಂತು. ಅವಳು ನನ್ನ ಮುಖ ನೋಡಿದಳು. ಮುಚ್ಚಳದಿಂದ ಕೈ ತೂರಿಸಿ ತಗ್ಗಾದ ಕಡೆಯನ್ನು ಒತ್ತಿ ಸರಿಮಾಡಿ ಮೇಜಿನ ಮೇಲೆ ಇಟ್ಟಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಹೋಗುವಾಗ, ಆ ದಿನ ಇದನ್ನು ಹಿಡಿದುಕೊಳ್ಳುವುದು ತಾನೇ ಎಂದು ಹೇಳಿ ಹೋದಳು.

ನಮ್ಮ ಚರ್ಚುಗಳಲ್ಲಿ ಮಕ್ಕಳು ಮಾತು ಕಲಿಯುವುದೇ ಜನರ ಮುಂದೆ. ಈಸ್ಟರ್ ಬಂದರೆ ಪ್ರತಿ ಮಗುವೂ ಹೊಸ ಬಟ್ಟೆ ತೊಟ್ಟು ವೇದಿಕೆ ಹತ್ತಿ ಬಾಯಿಪಾಠ ಮಾಡಿದ ಸ್ಪೀಚ್ ಹೇಳಲೇಬೇಕು. ಮೂರರ ಮಗುವಿಗೆ ಒಂದು ಸಾಲು, ದೊಡ್ಡವರಿಗೆ ಪುಟಗಟ್ಟಲೆ. ಮರೆತರೆ ಯಾರೂ ನಗುವುದಿಲ್ಲ. ಇಡೀ ಚರ್ಚು ಸಮಾಧಾನ ಹೇಳುತ್ತದೆ. ಕಲಿಸಿದವಳು ಮೊದಲ ಬೆಂಚಿನಲ್ಲಿ ಕೂತು ಮುಂದಿನ ಸಾಲು ಕೊಡಬೇಕು, ಮಗು ಅದನ್ನು ಎತ್ತಿಕೊಂಡು ಮುಂದುವರಿಯಬೇಕು. ಮುಗಿಸದೆ ಯಾವ ಮಗುವೂ ಕೆಳಗಿಳಿಯುವಂತಿಲ್ಲ. ನಮ್ಮ ಚರ್ಚಿನಲ್ಲಿ ಬಹಳ ವರ್ಷಗಳಿಂದ ಆ ಬೆಂಚು ನನ್ನದು. ಸಂಭ್ರಮಕ್ಕೂ ನಾನೇ ಕೂರಬೇಕು ಎಂದಾಯಿತು. ಮಕ್ಕಳು ಹೇಳಬೇಕಾದ ಪದ್ಯಗಳು ಮಾತ್ರ ಮಂಡಳಿಯಿಂದ ಅಚ್ಚಾಗಿ ಬಂದವು. ಜೇಮ್ಸೆಟ್ಟಾಳ ಪಾಲಿಗೆ ಬಂದದ್ದು ಇದು:

ಪುಸ್ತಕವೆಂದರೆ ಹೂವಿನ ತೋಟ,
ಎಲ್ಲಾ ಬಣ್ಣದ ಹೂಗಳ ಕೂಟ;
ನಗುತಾ ಓದುವ ನಾವೆಲ್ಲ,
ನಮ್ಮೂರ ಶಾಲೆಗೆ ಎಣೆಯಿಲ್ಲ.

ಅವಳು ಅದನ್ನು ಒಂದೇ ಸಲಕ್ಕೆ ಕಲಿತು, ಒಪ್ಪಿಸಿ, ಮೂಗು ಮುರಿದು ಹೋದಳು.

ಆ ಭಾನುವಾರ ಚರ್ಚು ತುಂಬಿತ್ತು. ವೇದಿಕೆಯ ಮೇಲೆ ಡಬ್ಬಗಳನ್ನು ಗೋಪುರದ ಹಾಗೆ ಪೇರಿಸಿದ್ದರು. ಮಿಸ್ಟರ್ ಸೇಯರ್ ಮೊದಲ ಬೆಂಚಿನಲ್ಲಿ ನನ್ನ ಪಕ್ಕದಲ್ಲೇ ಕೂತರು, ಆಚೆಗೆ ಲಾಮಾರ್. ಕ್ಯಾಮೆರಾದವನು ಡಬ್ಬಗಳಿಗೆ ದೀಪ ಬಿಟ್ಟ. ಸೇಯರ್ ಎದ್ದು ನಿಂತು, ಈ ಪುಸ್ತಕಗಳು ನಮ್ಮ ಜಿಲ್ಲೆಯ ಹೆಮ್ಮೆ ಎಂದರು. ನಮ್ಮಲ್ಲಿ ಯಾರೇ ಏನೇ ಹೇಳಿದರೂ ಬೆಂಚುಗಳಿಂದ ಉತ್ತರ ಬರುತ್ತದೆ: ಹೌದು, ಹೇಳಿ, ಆಮೆನ್. ಅವರ ಮಾತಿಗೆ ಒಂದು ಉಸಿರೂ ಬರಲಿಲ್ಲ. ಕೊನೆಗೆ ಹಿಂದಿನ ಬೆಂಚಿನಿಂದ ಮದರ್ ಬ್ಯಾಸ್ಕಂ ಮಾತ್ರ, "ದೇವರೇ, ಇವರಿಗೆ ಸಹಾಯ ಮಾಡಪ್ಪ" ಎಂದಳು. ಕೆಟ್ಟ ಪ್ರವಚನಕ್ಕೆ ನಾವು ಹೇಳುವ ಮಾತು ಅದು. ಸೇಯರ್ ಅದನ್ನು ಆಶೀರ್ವಾದ ಎಂದುಕೊಂಡು ಕೈ ಜೋಡಿಸಿದರು.

ಚಿಕ್ಕವರೆಲ್ಲ ಹೇಳಿ ಮುಗಿಸಿದ ಮೇಲೆ ಜೇಮ್ಸೆಟ್ಟಾ ಹತ್ತಿದಳು. ಹಳದಿ ಫ್ರಾಕು, ಕೈಯಲ್ಲಿ ಪರ್ಲಿಯ ಡಬ್ಬ. ಹೂವಿನ ತೋಟ ಹೇಳಿದಳು, ಹೂಗಳ ಕೂಟ ಹೇಳಿದಳು, ನಿಂತಳು. ಡಬ್ಬದ ಮೇಲಿನ ಚಿತ್ರ ನೋಡಿದಳು. ಆಮೇಲೆ ಪದ್ಯದ ರಾಗ ಬಿಟ್ಟು ತನ್ನದೇ ದನಿಯಲ್ಲಿ ಶುರು ಮಾಡಿದಳು. ನೀರು ಬಂದಾಗ ಅಮ್ಮ ಮೊದಲು ಎತ್ತಿಕೊಂಡದ್ದು ಹಿಟ್ಟಿನ ಚೀಲವನ್ನು. ಅಪ್ಪ ಹೇಸರಗತ್ತೆಯ ಹಗ್ಗ ಬಿಚ್ಚಿ ಅದರ ಕಿವಿಯಲ್ಲಿ ಕ್ಷಮೆ ಕೇಳಿದ. ಕೋಳಿಗಳು ಮರದ ಮೇಲೆ ಕೂತು ಮನೆ ತೇಲಿಹೋಗುವುದನ್ನು ನೋಡಿದವು. ಪುಸ್ತಕದ ಮಾತುಗಳು, ಒಂದೂ ಹೆಚ್ಚುಕಡಿಮೆಯಿಲ್ಲ. ಮುಂದಕ್ಕೆ ಹೋಗಲಾರದವಳು ಓದಿದ್ದಷ್ಟನ್ನೇ ಮನಸ್ಸಿನಲ್ಲಿ ತಿರುಗಿ ತಿರುಗಿ ಓದಿಕೊಂಡಿದ್ದಳು.

ಚರ್ಚು ಎಚ್ಚರಗೊಂಡಿತು. ಹೇಳು ಮಗಳೇ, ಹೌದಮ್ಮ, ಹಾಗೇ ಆಗಿತ್ತು ಎಂದು ಬೆಂಚುಗಳು ಉತ್ತರಿಸಿದವು. ಲಾಮಾರನ ಮುಖ ಬೂದಿಯಾಯಿತು. ಸೇಯರ್ ಮಾತ್ರ ನಗುತ್ತ ತಲೆದೂಗುತ್ತಿದ್ದರು. ಆ ಚರ್ಚಿನಲ್ಲಿ ಅದು ಯಾವ ಪುಸ್ತಕವೆಂದು ತಿಳಿಯದೇ ಕೂತವರು ಅದಕ್ಕೆ ಬೀಗ ಹಾಕಿಸಿದವರೊಬ್ಬರೇ. ಓದಿದ್ದರೆ ತಾನೆ? ಹುಡುಗಿ ಪರ್ಲಿಯ ಹೆಸರು ಹೇಳಿದಾಗ ಅವರು ಮುಂದಕ್ಕೆ ಬಾಗಿ ಡಬ್ಬದ ಮೇಲಿನ ಅಕ್ಷರ ಓದಿದರು. ನಗು ಮುಖದ ಮೇಲೆ ಹಾಗೇ ಉಳಿಯಿತು, ಒಣಹಾಕಿ ಮರೆತ ಬಟ್ಟೆಯ ಹಾಗೆ.

ದೋಣಿ ಬಂತು. ಪರ್ಲಿ ತಮ್ಮನನ್ನು ಹೊತ್ತು ನೀರಿನ ಅಂಚಿಗೆ ಇಳಿದಳು. ಜೇಮ್ಸೆಟ್ಟಾ ನಿಲ್ಲಿಸಿ ನನ್ನನ್ನು ನೋಡಿದಳು.

ಅವಳು ಮರೆತಿರಲಿಲ್ಲ. ಮರೆಯಲು ಅವಳ ಬಳಿ ಮುಂದಿನದು ಇರಲೇ ಇಲ್ಲ. ಆದರೆ ಮಗು ವೇದಿಕೆಯ ಮೇಲೆ ಮಾತು ನಿಲ್ಲಿಸಿದರೆ ನಮ್ಮ ಜನಕ್ಕೆ ಒಂದೇ ಅರ್ಥ ಗೊತ್ತು. ನಿಧಾನ ಕಂದ, ಅವಸರವಿಲ್ಲ, ಪರವಾಗಿಲ್ಲಮ್ಮ ಎಂದು ನಾಲ್ಕೂ ಕಡೆಯಿಂದ ಸಮಾಧಾನ ಹೊರಟಿತು. ಯಾರೋ ಬೀಸಣಿಗೆ ಬೀಸಿದರು. ಎಲ್ಲರ ಕಣ್ಣೂ ಮೊದಲ ಬೆಂಚಿನ ಮೇಲೆ, ನನ್ನ ಬೆನ್ನಿನ ಮೇಲೆ. ಅಷ್ಟು ಪ್ರೀತಿ ನಾಲ್ಕು ಗೋಡೆಗಳಾಗಿ ನನ್ನ ಸುತ್ತ ಎದ್ದು ನಿಂತಿತು.

ನಾನು ಮಂಡಳಿಯ ಸಾಲು ಕೊಟ್ಟೆ: "ನಗುತಾ ಓದುವ ನಾವೆಲ್ಲ."

"ಅದಲ್ಲ ಮಿಸ್" ಎಂದಳು ಜೇಮ್ಸೆಟ್ಟಾ, ಮೈಕಿನಲ್ಲೇ.

ಸಣ್ಣ ನಗು ಹರಿಯಿತು. ಮದರ್ ಬ್ಯಾಸ್ಕಂ ಊರುಗೋಲನ್ನು ನೆಲಕ್ಕೆ ಕುಟ್ಟಿದಳು. "ಝೆನೋಬಿಯಾ, ಮಗೂನ ಯಾಕೆ ಬಿಸಿಲಲ್ಲಿ ನಿಲ್ಸಿದ ಹಾಗೆ ನಿಲ್ಸಿದ್ದೀಯೇ? ಬಾಯಿ ಹೊಲ್ಕೊಂಡಿದ್ದೀಯಾ? ಸಾಲು ಕೊಡು."

ಲಾಮಾರ್ ನನ್ನತ್ತ ನೋಡದೆಯೇ ಬೇಡವೆಂದು ತಲೆಯನ್ನು ಒಂದಿಷ್ಟು ಅಲ್ಲಾಡಿಸಿದ. ಸೇಯರ್ ನೇರವಾಗಿ ನನ್ನನ್ನೇ ನೋಡುತ್ತಿದ್ದರು. ಪಕ್ಕದ ಬಾಗಿಲಲ್ಲಿ, ಚರ್ಚಿನ ಅಡುಗೆಮನೆಯಲ್ಲಿ ಊಟಕ್ಕೆ ಮೀನು ಕರಿಯುತ್ತಿದ್ದ ಲವೋನಿಯಾ ಹಿಟ್ಟಿನ ಕೈಯಲ್ಲೇ ಬಂದು ನಿಂತಿದ್ದಳು. ಮಗಳು ಡಬ್ಬವನ್ನು ಎದೆಗೆ ಒತ್ತಿಕೊಂಡಿದ್ದಳು, ಅದು ಮತ್ತೆ ತಗ್ಗಾಗಿತ್ತು.

"ದೋಣಿಯವನು ಪರ್ಲಿಯ ಕೊರಳಿನ ಚೀಟಿ ಓದಿದ" ಎಂದೆ.

"ದೋಣಿಯವನು ಪರ್ಲಿಯ ಕೊರಳಿನ ಚೀಟಿ ಓದಿದ" ಎಂದಳು ಹುಡುಗಿ. ಅವಳ ದನಿ ಓಡಿಬಂದು ಸಾಲನ್ನು ಹಿಡಿದುಕೊಂಡಿತು.

"ನಿಮ್ಮನ್ನಲ್ಲ, ಅಂದ."

ಈ ಸಲ ಅವಳು ತಡವಾಗಿ ಹೇಳಿದಳು. "ನಿಮ್ಮನ್ನಲ್ಲ, ಅಂದ." ಬೆಂಚುಗಳಲ್ಲಿ ಯಾರೋ ನರಳಿದರು.

ನಾನು ಮುಂದಿನ ಸಾಲಿಗೆ ಬಾಯಿ ತೆರೆಯುವಷ್ಟರಲ್ಲಿ ಸೇಯರ್ ಎದ್ದು ಚಪ್ಪಾಳೆ ತಟ್ಟತೊಡಗಿದರು. ತಟ್ಟುತ್ತಲೇ ಆರ್ಗನ್ನಿನ ಕಡೆ ಕೈ ಮಾಡಿದರು. ಆರ್ಗನ್ ನುಡಿಸುವವನು ಬೆದರಿ ಲಾಮಾರನನ್ನು ನೋಡಿದ. ಲಾಮಾರ್ ಕಣ್ಣು ಮುಚ್ಚಿಕೊಂಡು ಆಗಲೆಂದು ತಲೆಯಾಡಿಸಿದ. ಸಂಗೀತ ಮೇಲೆದ್ದಿತು. ಮಗು ಇನ್ನೂ ಮುಗಿಸಿಲ್ಲ ಎಂದು ಮದರ್ ಬ್ಯಾಸ್ಕಂ ಕೂಗುತ್ತಿದ್ದದ್ದು ಅದರಲ್ಲಿ ಮುಳುಗಿಹೋಯಿತು. ಲವೋನಿಯಾ ವೇದಿಕೆ ಹತ್ತಿ ಮಗಳ ರಟ್ಟೆ ಹಿಡಿದು ಇಳಿಸಿಕೊಂಡು ಹೋದಳು.

ಜನ ಎದ್ದು ನಿಂತಾಗ ನಾನು ಅವರ ಹಿಂದೆಯೇ ಚರ್ಚಿನ ಅಡುಗೆಮನೆಗೆ ನುಗ್ಗಿದೆ. ಚಿಕ್ಕ ಕೋಣೆ, ಒಂದೇ ಬಾಗಿಲು, ಕಿಟಕಿಗೆ ಸರಳು. ಬಾಣಲೆಯಲ್ಲಿ ಎಣ್ಣೆ ಕಾಯುತ್ತಿತ್ತು. ಲವೋನಿಯಾ ಒಲೆ ಆರಿಸಿ ನನ್ನ ಕಡೆ ತಿರುಗಿದಳು. ನಾನು ಬೈಗುಳಕ್ಕೆ ತಯಾರಾಗಿ ನಿಂತೆ.

"ನಾಳೆ ನಿಮ್ಮನ್ನ ಕರೀತಾರೆ ಮಿಸ್, ನಾಡಿದ್ದು ನನ್ನನ್ನ. ಮಗಳಿಗೆ ಇದೆಲ್ಲ ಯಾರು ಹೇಳಿಕೊಟ್ರು ಅಂತ ಕೇಳ್ತಾರೆ. ಅನ್ನ ಬೇಯ್ಸೋಳಿಗೆ ಯಾವ ಪರಿಶೀಲನೇನೂ ಇಲ್ಲ, ನೇರ ಬಾಗಿಲು." ಅವಳು ಏಪ್ರನ್ನಿಗೆ ಕೈ ಒರೆಸಿಕೊಂಡಳು. "ಹಾಗಾಗಿ ಅರ್ಧಕ್ಕೆ ನಿಲ್ಲಿಸ್ಬೇಡಿ. ಹೋಗೋ ಕೆಲ್ಸ ಎರಡು ಸಾಲಿಗ್ಯಾಕೆ ಹೋಗ್ಬೇಕು? ಪೂರ್ತಿ ಕತೆಗೇ ಹೋಗ್ಲಿ."

ಬಾಗಿಲು ಹಾಕಿ ಅದಕ್ಕೆ ಬೆನ್ನು ಕೊಟ್ಟು ನಿಂತಳು.

ನಾನು ಹೇಳಿದೆ. ಆ ದೋಣಿ ಅರ್ಧ ಖಾಲಿಯಾಗಿಯೇ ತಿರುಗಿ ಹೋಯಿತು. ಪರ್ಲಿ ತಮ್ಮನನ್ನು ಹೊತ್ತು ಮತ್ತೆ ಏರಿ ಹತ್ತಿದಳು. ಆಮೇಲೂ ದೋಣಿಗಳು ಬಂದವು, ಹಿಟ್ಟು ಇಳಿಸಿದವು, ಬಿಳಿಯರನ್ನು ಹತ್ತಿಸಿಕೊಂಡವು. ಅಪ್ಪನನ್ನು ಕೋವಿ ತೋರಿಸಿ ಮರಳುಚೀಲ ಹೊರಲು ಕರೆದೊಯ್ದರು. ಕೊನೆಯ ಪುಟದಲ್ಲಿ ನೀರು ಸ್ವಲ್ಪ ಇಳಿದಿದೆ. ಪರ್ಲಿ ಏರಿಯ ಮೇಲೆ ಕೂತು ತಮ್ಮ ಮನೆ ಇದ್ದ ದಿಕ್ಕು ಯಾವುದೆಂದು ಹುಡುಕುತ್ತಿದ್ದಾಳೆ.

"ಆಮೇಲೆ?"

"ಅಷ್ಟೇ ಮಗಳೇ. ಪುಸ್ತಕ ಅಲ್ಲಿಗೆ ಮುಗಿಯತ್ತೆ."

"ಪರ್ಲಿ ಏರಿಯಿಂದ ಇಳಿಯೋದೇ ಇಲ್ವಾ?"

"ಪುಸ್ತಕದಲ್ಲಿ ಇಳಿಯಲ್ಲ."

ಜೇಮ್ಸೆಟ್ಟಾಳ ಮುಖದಲ್ಲಿ ನಾನು ಅಳು ಬರುತ್ತದೆಂದುಕೊಂಡಿದ್ದೆ. ಬಂದದ್ದು ಸಿಟ್ಟು. "ಮಿಸ್ ರೌಂಡ್‌ಟ್ರೀಗೆ ಏನಾಗಿತ್ತು? ಇಳಿಸ್ಬೋದಿತ್ತಲ್ಲ? ಪೆನ್ನು ಅವರ ಕೈಲೇ ಇತ್ತಲ್ಲ?"

"ನಿನ್ನ ಮುತ್ತಜ್ಜೀನೂ ಇಳೀಲಿಲ್ಲ ಕಣೇ" ಎಂದಳು ಲವೋನಿಯಾ ಬಾಗಿಲಿನಿಂದ. "ಬಿಟ್ಟಿದ್ರೆ ಶಿಕಾಗೋಗೆ ಹೋಗಿರೋಳು. ಬಿಡ್ಲಿಲ್ಲ, ಅದಕ್ಕೇ ನಾವಿನ್ನೂ ಇಲ್ಲಿದ್ದೀವಿ. ಮಿಸ್ ರೌಂಡ್‌ಟ್ರೀ ಸುಳ್ಳು ಬರೀಲಿಲ್ಲ, ಅದನ್ನೇ ಇವರು ಸಹಿಸ್ತಿಲ್ಲ."

ಅಷ್ಟರಲ್ಲಿ ಬಾಗಿಲು ಬಡಿದರು. ಲಾಮಾರ್. "ಸಿಸ್ಟರ್ ಟಾಲಿವರ್, ಮಿಸ್ಟರ್ ಸೇಯರ್ ಕಾಯ್ತಿದ್ದಾರೆ, ಈಗಲೇ ಬರ್ಬೇಕಂತೆ." ಆ ಪದಗಳನ್ನು ಅವನಿಗೆ ಯಾರೋ ಹೇಳಿಕೊಟ್ಟ ಹಾಗಿತ್ತು. ಲವೋನಿಯಾ ಅಲುಗಲಿಲ್ಲ. ಮತ್ತೆ ಬಡಿದ. ಹಿಡಿ ತಿರುಗಿತು, ಬಾಗಿಲು ಒಂದಿಷ್ಟು ಒಳಗೆ ಬಂತು. ಅವಳು ಹಿಮ್ಮಡಿ ಊರಿ ಅದನ್ನು ಮತ್ತೆ ಮುಚ್ಚಿದಳು. ಆ ಬಾಗಿಲ ಆಚೆಗೆ ನನ್ನ ಕೆಲಸವಿತ್ತು, ಬೀರುವಿತ್ತು, ನಾಳೆಯಿತ್ತು. ಈಚೆಗೆ ಮೂರು ಜನ, ತಣ್ಣಗಾಗುತ್ತಿರುವ ಮೀನು. ಹೊರಗೆ ಹೋಗಲು ಬೇರೆ ದಾರಿ ಇರಲಿಲ್ಲ.

ಜೇಮ್ಸೆಟ್ಟಾ ಹಿಟ್ಟಿನ ದೊಡ್ಡ ಡಬ್ಬಿಯ ಮೇಲೆ ಹತ್ತಿ ಕೂತು ಕಾಲು ಮಡಚಿಕೊಂಡಳು. "ಮಿಸ್, ನೀವು ಓಡಿಸ್ಕೊಂಡು ಹೇಳಿದ್ರಿ. ತಮ್ಮ ಏನಾದ? ಜ್ವರ ಬಿಡ್ತಾ? ಅದನ್ನ ಪುಸ್ತಕದಲ್ಲಿ ಇದ್ದ ಹಾಗೇ ಹೇಳಿ."

ಬಾಗಿಲು ಬಡಿಯುತ್ತಲೇ ಇತ್ತು. ಲವೋನಿಯಾ ನನ್ನನ್ನು ನೋಡಿ ಗದ್ದ ಎತ್ತಿದಳು. ನಾನು ಸ್ಟೂಲು ಎಳೆದುಕೊಂಡು ಹುಡುಗಿಯ ಎದುರಿಗೆ ಕೂತು, ಪರ್ಲಿ ತನ್ನ ಒದ್ದೆ ಲಂಗದ ಅಂಚನ್ನು ತಮ್ಮನ ಹಣೆಯ ಮೇಲೆ ಇಡುವಲ್ಲಿಂದ ಮತ್ತೆ ಶುರುಮಾಡಿದೆ.